ಬಿರುಕಿನೊಡನೆ ಹಾರಾಟ: ವಿಮಾನ ಲೋಹದ ದಣಿವನ್ನು ಅರಿತ ಸಂಶೋಧನೆಯ ಚರಿತ್ರೆ

ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದದ್ದು ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಕಿಟಕಿಗಳು ಚೌಕವಾಗಿದ್ದವು, ಮೂಲೆಗಳಲ್ಲಿ ಲೋಹ ಬಿರುಕು ಬಿಟ್ಟಿತು, ಆಮೇಲೆ ಕಿಟಕಿಗಳನ್ನು ಗುಂಡಗೆ ಮಾಡಿದರು, ಸಮಸ್ಯೆ ತೀರಿತು. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಕಥೆಯ ಮುಖ್ಯ ಭಾಗವನ್ನೇ ಇದು ಬಿಟ್ಟುಬಿಡುತ್ತದೆ. ಕಾಮೆಟ್ ಕಟ್ಟಿದವರು ಪರೀಕ್ಷೆ ಮಾಡದೆ ಅದನ್ನು ಹಾರಿಸಿರಲಿಲ್ಲ. ಆ ಕಾಲದ ನಿಯಮಗಳು ಕೇಳಿದ್ದಕ್ಕಿಂತ ಹೆಚ್ಚಿನ ಪರೀಕ್ಷೆಯನ್ನೇ ಮಾಡಿದ್ದರು. ಆ ಪರೀಕ್ಷೆಯೇ ಅವರಿಗೆ ಇಲ್ಲದ ಭರವಸೆ ಕೊಟ್ಟಿತು. ವಿಮಾನ ಸುರಕ್ಷತೆಯ ಸಂಶೋಧನೆ ಕಳೆದ ಎಪ್ಪತ್ತು ವರ್ಷಗಳಲ್ಲಿ ನಡೆದುಬಂದ ದಾರಿಯನ್ನು ನೋಡಿದರೆ, ಅದು ಗಟ್ಟಿ ಲೋಹ ಹುಡುಕಿದ ಕಥೆಗಿಂತ ಹೆಚ್ಚಾಗಿ ಒಂದು ನಂಬಿಕೆಯನ್ನು ಕೈಬಿಟ್ಟ ಕಥೆ. ಬಿರುಕು ಬರುವುದೇ ಇಲ್ಲ ಎಂಬಲ್ಲಿಂದ, ಬಿರುಕು ಈಗಾಗಲೇ ಇದೆ ಎಂದು ಇಟ್ಟುಕೊಂಡೇ ಹಾರಬೇಕು ಎಂಬಲ್ಲಿಗೆ ಬಂದದ್ದು ಸುಲಭವಾಗಿ ಆಗಲಿಲ್ಲ. ಪ್ರತಿ ಹೆಜ್ಜೆಯ ಹಿಂದೆಯೂ ಜೀವಗಳು ಹೋಗಿವೆ.

ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್ ಮೊದಲು ಹಾರಿದ್ದು 1949ರ ಜುಲೈ 27ರಂದು. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟ ಕಾಮೆಟ್, ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತ ಜಗತ್ತಿನ ಮೊದಲ ಜೆಟ್ ಸೇವೆಯಾಯಿತು. ಜೆಟ್ ಎಂಜಿನ್ನಿಗೆ ಎತ್ತರದಲ್ಲಿ ಹಾರುವುದೇ ಲಾಭ. ಹಾಗಾಗಿ ಕಾಮೆಟ್ 35,000 ಅಡಿಗೂ ಮೇಲೆ ಹೋಗುತ್ತಿತ್ತು. ಅಲ್ಲಿ ಹೊರಗಿನ ಗಾಳಿ ತೀರ ತೆಳು. ಒಳಗಿನ ಜನ ಉಸಿರಾಡಬೇಕಾದರೆ ವಿಮಾನದ ಒಡಲಿನೊಳಗೆ ಗಾಳಿಯನ್ನು ಒತ್ತಿ ತುಂಬಬೇಕು. ಒಳಗಿನ ಮತ್ತು ಹೊರಗಿನ ಒತ್ತಡಗಳ ಅಂತರ ಚದರ ಅಂಗುಲಕ್ಕೆ 8.25 ಪೌಂಡ್, ಅಂದಿನ ಬೇರೆ ಪ್ರಯಾಣಿಕ ವಿಮಾನಗಳಲ್ಲಿ ಇದ್ದದ್ದಕ್ಕಿಂತ ಬಹಳ ಹೆಚ್ಚು. ಹತ್ತುವಾಗ ಒಡಲು ಉಬ್ಬುತ್ತದೆ, ಇಳಿಯುವಾಗ ಕುಗ್ಗುತ್ತದೆ. ಪ್ರತಿ ಹಾರಾಟಕ್ಕೂ ಹೀಗೆ ಒಂದು ಸುತ್ತು. ಕಬ್ಬಿಣದ ತಂತಿಯನ್ನು ಕೈಯಿಂದ ಎಳೆದು ಹರಿಯಲಾಗದವರೂ ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯಬಲ್ಲರು. ಲೋಹದ ದಣಿವು ಎಂದರೆ ಇದೇ.

ಸೇವೆ ಆರಂಭವಾಗಿ ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತದ ಡಮ್‌ಡಮ್ ನಿಲ್ದಾಣದಿಂದ ದೆಹಲಿಗೆ ಹೊರಟ ಕಾಮೆಟ್ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಗುಡುಗುಮಳೆಯ ನಡುವೆ ಒಡೆದು ಬಿತ್ತು. 43 ಜನ ಸತ್ತರು. ಭಾರತದಲ್ಲಿ ನಡೆದ ವಿಚಾರಣೆ, ಬಿರುಗಾಳಿಯ ಹೊಡೆತದಿಂದಲೋ ಅದರೊಳಗೆ ಚಾಲಕ ವಿಮಾನವನ್ನು ಹತೋಟಿಗೆ ತರಲು ಹೆಣಗಿದ್ದರಿಂದಲೋ ಚೌಕಟ್ಟು ಮುರಿಯಿತು ಎಂದು ಹೇಳಿತು. ಬಂಗಾಳದ ವೈಶಾಖದ ಬಿರುಗಾಳಿ ಎಂಥದ್ದು ಎಂದು ಗೊತ್ತಿದ್ದವರಿಗೆ ಈ ತೀರ್ಮಾನ ಅಸಹಜ ಅನ್ನಿಸುವಂತಿರಲಿಲ್ಲ. ಆದರೆ ಮುಂದಿನ ಜನವರಿ 10ರಂದು, 1954ರಲ್ಲಿ, ರೋಮ್‌ನಿಂದ ಹೊರಟ ಇನ್ನೊಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ತಿಳಿ ಆಕಾಶದಲ್ಲಿ ಒಡೆದು ಸಮುದ್ರಕ್ಕೆ ಬಿದ್ದಿತು. 35 ಸಾವು. ಮೊದಲ ಜೆಟ್ ಸೇವೆಗೆ ಹೊರಟಿದ್ದ ವಿಮಾನವೇ ಅದು. ಬೆಂಕಿಯ ಅನುಮಾನದ ಮೇಲೆ ಹಲವು ಬದಲಾವಣೆ ಮಾಡಿ ಮಾರ್ಚ್ 23ರಂದು ಹಾರಾಟ ಮತ್ತೆ ಶುರು ಮಾಡಿದರು. ಹದಿನಾರೇ ದಿನಕ್ಕೆ, ಏಪ್ರಿಲ್ 8ರಂದು, ನೇಪಲ್ಸ್ ಕಡೆಯ ಸಮುದ್ರದ ಮೇಲೆ ಮತ್ತೊಂದು ಕಾಮೆಟ್ ಒಡೆಯಿತು. 21 ಸಾವು. ಅಷ್ಟಕ್ಕೆ ಕಾಮೆಟ್‌ಗಳೆಲ್ಲ ನೆಲಕ್ಕಿಳಿದವು.

ಮುಂದಿನ ತನಿಖೆ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ, ಅದರ ನಿರ್ದೇಶಕ ಆರ್ನಾಲ್ಡ್ ಹಾಲ್ ಅವರ ಕೈಕೆಳಗೆ ನಡೆಯಿತು. ಅಪಘಾತದ ತನಿಖೆಗೆ ಇಷ್ಟು ದೊಡ್ಡ ಪ್ರಯೋಗವನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಒಂದು ಇಡೀ ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ರೆಕ್ಕೆಗಳನ್ನು ಹೊರಗೆ ಚಾಚಿಟ್ಟು ಹೈಡ್ರಾಲಿಕ್ ಜಾಕ್‌ಗಳಿಂದ ಮೇಲೆ ಕೆಳಗೆ ಆಡಿಸಿದರು. ಒಳಗೆ ನೀರನ್ನೇ ಒತ್ತಿ ತುಂಬಿ, ಬಿಟ್ಟು, ಮತ್ತೆ ತುಂಬಿ, ಹಾರಾಟದ ಸುತ್ತುಗಳನ್ನು ಹಗಲೂ ರಾತ್ರಿ ಅನುಕರಿಸಿದರು. ಗಾಳಿಗೆ ಬದಲು ನೀರನ್ನು ಬಳಸಿದ್ದಕ್ಕೆ ಕಾರಣವಿತ್ತು. ಒತ್ತಿಟ್ಟ ಗಾಳಿ ಒಡಲು ಒಡೆದ ಕೂಡಲೇ ಬಾಂಬಿನಂತೆ ಸಿಡಿದು ಎಲ್ಲವನ್ನೂ ಚೂರು ಮಾಡುತ್ತದೆ. ನೀರು ಹಾಗೆ ಹಿಗ್ಗುವುದಿಲ್ಲ, ಬಿರುಕು ಹುಟ್ಟಿದ ಜಾಗ ಹಾಗೇ ಉಳಿಯುತ್ತದೆ. ಆ ವಿಮಾನ ನಿಜವಾಗಿ 1,231 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,826 ಸುತ್ತು ಸುತ್ತಿ, ಒಟ್ಟು 3,057ಕ್ಕೆ, 1954ರ ಜೂನ್‌ನಲ್ಲಿ ಒಡಲು ಬಿರಿಯಿತು. ಎಲ್ಬಾ ಬಳಿ ಬಿದ್ದದ್ದು 1,290 ಹಾರಾಟಕ್ಕೆ ಹೋಗಿತ್ತು, ನೇಪಲ್ಸ್ ಬಳಿಯದು ಸುಮಾರು 900ಕ್ಕೆ. ಒಂದೇ ಮಾದರಿಯ ಮೂರು ವಿಮಾನಗಳ ಆಯಸ್ಸಿನಲ್ಲಿ ಮೂರು ಪಟ್ಟು ವ್ಯತ್ಯಾಸ. ದಣಿವಿನ ಈ ಚೆಲ್ಲಾಪಿಲ್ಲಿ ಸ್ವಭಾವ ಅಂದಿನ ವಿನ್ಯಾಸಕಾರರ ಲೆಕ್ಕದಲ್ಲಿ ಸಾಕಷ್ಟು ಇರಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಇಟಲಿಯ ಮೀನುಗಾರರ ಬಲೆಗೆ ಎಲ್ಬಾ ವಿಮಾನದ ಚಾವಣಿಯ ಒಂದು ತುಂಡು ಸಿಕ್ಕಿತು. ಬಿರುಕು ಹುಟ್ಟಿದ್ದು ಪ್ರಯಾಣಿಕರ ಕಿಟಕಿಯಲ್ಲಿ ಅಲ್ಲ. ನೆತ್ತಿಯ ಮೇಲೆ, ದಿಕ್ಕು ಹುಡುಕುವ ರೇಡಿಯೊದ ಆ್ಯಂಟೆನಾಗಳಿಗಾಗಿ ಕೊರೆದಿದ್ದ ತೆರಪಿನ ಮೂಲೆಯ ಹತ್ತಿರದ ಒಂದು ರಂಧ್ರದಲ್ಲಿ. ಚೌಕ ಕಿಟಕಿಯ ಕಥೆಯನ್ನು ಹೇಳುವವರು ಇದನ್ನು ಗಮನಿಸಬೇಕು. ಮೂಲೆಗಳಲ್ಲಿ ಸೆಳೆತ, ಲೋಹ ಹರಿದುಹೋಗುವ ಮಿತಿಯ ಸುಮಾರು 70 ಪ್ರತಿಶತದಷ್ಟು ಇತ್ತು ಎಂದು ಫಾರ್ನ್‌ಬರೋ ಅಳೆಯಿತು. ವಿನ್ಯಾಸದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ ಹೇಳಿತ್ತು.

ಹಾಗಾದರೆ ಕಂಪನಿಯ ಪರೀಕ್ಷೆಯಲ್ಲಿ ಇದು ಏಕೆ ಕಾಣಲಿಲ್ಲ? ಡಿ ಹ್ಯಾವಿಲೆಂಡ್ ಒಡಲಿನ ಮುಂಭಾಗದ ಒಂದು ತುಂಡನ್ನು ದಣಿವಿನ ಪರೀಕ್ಷೆಗೆ ಒಡ್ಡಿದಾಗ ಅದು ಸುಮಾರು 18,000 ಸುತ್ತು ತಾಳಿತ್ತು. ಆದರೆ ಅದೇ ತುಂಡನ್ನು ಮೊದಲು ಬಲದ ಪರೀಕ್ಷೆಗಾಗಿ ಬಳಕೆಯ ಒತ್ತಡದ ಇಮ್ಮಡಿಗೆ ಉಬ್ಬಿಸಿದ್ದರು. ಅಷ್ಟು ಉಬ್ಬಿದಾಗ ಮೂಲೆಗಳಲ್ಲಿನ ಲೋಹ ಸ್ವಲ್ಪ ಹಿಗ್ಗಿ ಹಾಗೇ ನಿಂತಿತು. ಒತ್ತಡ ಇಳಿದಾಗ ಸುತ್ತಲಿನ ಲೋಹ ಹಿಂದಕ್ಕೆ ಬಂದು ಆ ಹಿಗ್ಗಿದ ಜಾಗವನ್ನು ಅದುಮಿ ಹಿಡಿಯಿತು. ಅದುಮಿ ಹಿಡಿದ ಜಾಗದಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ಪರೀಕ್ಷೆಗೆ ಸಿದ್ಧಪಡಿಸಿದ ರೀತಿಯೇ ತುಂಡಿನ ಆಯಸ್ಸನ್ನು ಹೆಚ್ಚಿಸಿತ್ತು. ಜನ ಕೂತ ವಿಮಾನಗಳಿಗೆ ಆ ರಕ್ಷಣೆ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಎಂಜಿನಿಯರಿಂಗ್ ಚರಿತ್ರೆಯ ಅತಿ ಮಹತ್ವದ ಪ್ರಸಂಗಗಳಲ್ಲಿ ಇದೂ ಒಂದು. ಪ್ರಾಮಾಣಿಕವಾಗಿ ಮಾಡಿದ ಎರಡು ಪರೀಕ್ಷೆಗಳು, ಒಂದರ ನಂತರ ಒಂದನ್ನು ಒಂದೇ ತುಂಡಿನ ಮೇಲೆ ಮಾಡಿದ್ದರಿಂದ, ಸೇರಿ ಸುಳ್ಳು ಹೇಳಿದವು.

ದಣಿವು 1954ರಲ್ಲಿ ಹೊಸ ವಿಷಯವೇನೂ ಆಗಿರಲಿಲ್ಲ. 1842ರಲ್ಲಿ ಪ್ಯಾರಿಸ್ ಹತ್ತಿರ ವರ್ಸೇಲ್ಸ್ ರೈಲು ದುರಂತದಲ್ಲಿ ಮುರಿದ ಅಚ್ಚಿನಿಂದ ಹಿಡಿದು ಯುರೋಪಿನ ರೈಲ್ವೆಗಳು ಅದರೊಡನೆ ಹೋರಾಡಿದ್ದವು. ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಹೊರೆ ಎಷ್ಟಾದರೆ ಎಷ್ಟು ಸುತ್ತಿಗೆ ಮುರಿಯುತ್ತದೆ ಎಂದು ತೋರಿಸಿದ್ದರು. ಫಾರ್ನ್‌ಬರೋದಲ್ಲೇ ಕೆಲಸ ಮಾಡುತ್ತಿದ್ದ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಸ್ತು ಮುರಿಯುವುದು ಅದರೊಳಗೆ ಮೊದಲೇ ಇರುವ ಸಣ್ಣ ಬಿರುಕುಗಳಿಂದ, ಬಿರುಕು ಬೆಳೆಯುತ್ತದೋ ಇಲ್ಲವೋ ಎಂಬುದನ್ನು ಶಕ್ತಿಯ ಲೆಕ್ಕ ನಿರ್ಧರಿಸುತ್ತದೆ ಎಂದು ಗಾಜಿನ ಪ್ರಯೋಗಗಳಿಂದ ಸಾಧಿಸಿದ್ದರು. ಗಾಜಿಗೆ ಸರಿ, ಬಾಗುವ ಬಳುಕುವ ಲೋಹಕ್ಕೆ ಇದು ಹೇಗೆ ಹೊಂದೀತು ಎಂಬ ಪ್ರಶ್ನೆಗೆ ಉತ್ತರ ಬರಲು ಮೂರು ದಶಕ ಬೇಕಾಯಿತು. 1945ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸ್ಟಿನ್ಸನ್ ವಿಮಾನದ ರೆಕ್ಕೆ ದಣಿವಿನ ಬಿರುಕಿನಿಂದ ಕಳಚಿ ಹತ್ತು ಜನ ಸತ್ತ ಮೇಲೆ ಮೆಲ್ಬೋರ್ನ್ ಈ ಸಂಶೋಧನೆಯ ದೊಡ್ಡ ಕೇಂದ್ರವಾಯಿತು. ಅಲ್ಲಿನ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಇಂಧನಗಳ ಮೇಲೆ ಕೆಲಸ ಮಾಡುತ್ತಿದ್ದ ಡೇವಿಡ್ ವಾರೆನ್ ಕಾಮೆಟ್ ಚರ್ಚೆಗಳಲ್ಲಿ ಕೂತಿದ್ದಾಗಲೇ ಚಾಲಕರ ಮಾತನ್ನೂ ಉಪಕರಣಗಳ ಅಳತೆಯನ್ನೂ ದಾಖಲಿಸುವ ಪೆಟ್ಟಿಗೆಯ ಯೋಚನೆ ಮಾಡಿದ್ದು. ಇಂದು ಎಲ್ಲರೂ ಬ್ಲ್ಯಾಕ್ ಬಾಕ್ಸ್ ಎನ್ನುವುದು ಅದನ್ನೇ.

ಕಾಮೆಟ್ ನಂತರದ ಮೊದಲ ಉತ್ತರ ಫೇಲ್-ಸೇಫ್ ವಿನ್ಯಾಸ. ಒಂದು ಭಾಗ ಮುರಿದರೆ ಪಕ್ಕದ ಭಾಗ ಹೊರೆ ಹೊರಬೇಕು. ಬೋಯಿಂಗ್ ತನ್ನ 707ರ ಒಡಲಿಗೆ ಗಾಳಿ ತುಂಬಿ, ಅದರ ಮೇಲೆ ಭಾರದ ಅಲಗುಗಳನ್ನು ಬೀಳಿಸಿ, ಸೀಳು ದೂರ ಹೋಗದೆ ನಿಲ್ಲುವುದನ್ನು ಚಿತ್ರೀಕರಿಸಿ ತೋರಿಸಿತು. ಈ ಉತ್ತರ ಅರ್ಧವಷ್ಟೇ ಎಂದು ಗೊತ್ತಾದದ್ದು 1977ರಲ್ಲಿ, ಜಾಂಬಿಯಾದ ಲುಸಾಕಾದಲ್ಲಿ ಇಳಿಯುತ್ತಿದ್ದ ಸರಕಿನ 707ರ ಬಾಲರೆಕ್ಕೆ ಕಳಚಿ ಆರು ಜನ ಸತ್ತಾಗ. ಪಕ್ಕದ ಭಾಗ ಹೊರೆ ಹೊತ್ತಿತ್ತು ನಿಜ. ಆದರೆ ಮೊದಲ ಭಾಗ ಬಿರಿದದ್ದನ್ನು ತಪಾಸಣೆ ಹಿಡಿಯಲಿಲ್ಲ. ಆಸರೆಯೂ ದಣಿಯುವಷ್ಟು ಹೊತ್ತು ವಿಮಾನ ಹಾರುತ್ತಲೇ ಇತ್ತು.

ಅಷ್ಟರಲ್ಲಿ ಸಿದ್ಧಾಂತ ಮುಂದೆ ಹೋಗಿತ್ತು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಜಾರ್ಜ್ ಅರ್ವಿನ್ ಗ್ರಿಫಿತ್‌ನ ಲೆಕ್ಕವನ್ನು ಲೋಹಕ್ಕೆ ಹೊಂದಿಸಿ, ಬಿರುಕಿನ ತುದಿಯಲ್ಲಿನ ಸೆಳೆತದ ತೀವ್ರತೆಗೆ ಒಂದೇ ಅಳತೆ ಕೊಟ್ಟರು. ಬೋಯಿಂಗ್‌ನಲ್ಲಿ ಬೇಸಿಗೆ ಕೆಲಸ ಮಾಡಿದ್ದ ಪಾಲ್ ಪ್ಯಾರಿಸ್, ಆ ಅಳತೆ ಪ್ರತಿ ಸುತ್ತಿನಲ್ಲಿ ಎಷ್ಟು ಏರಿಳಿಯುತ್ತದೆ ಎಂಬುದರಿಂದ ಬಿರುಕು ಎಷ್ಟು ಬೆಳೆಯುತ್ತದೆಂದು ಹೇಳಬಹುದು ಎಂದರು. ಹೆಸರಾಂತ ಪತ್ರಿಕೆಗಳು ತಿರಸ್ಕರಿಸಿದ ಆ ಪ್ರಬಂಧ 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಣ್ಣ ಪತ್ರಿಕೆಯೊಂದರಲ್ಲಿ ಬಂತು. ಅದರ ಬೆಲೆ ನನ್ನ ಮಟ್ಟಿಗೆ ಕಾಮೆಟ್ ತೊಟ್ಟಿಯಷ್ಟೇ ದೊಡ್ಡದು. ಬಿರುಕು ಇಂದು ಇಷ್ಟಿದ್ದರೆ ಅಪಾಯದ ಉದ್ದಕ್ಕೆ ಬೆಳೆಯಲು ಎಷ್ಟು ಹಾರಾಟ ಬೇಕು ಎಂದು ಮೊದಲ ಬಾರಿಗೆ ಎಣಿಸಲು ಸಾಧ್ಯವಾಯಿತು. ಎಣಿಸಲು ಬಂದರೆ, ಅಷ್ಟರೊಳಗೆ ಯಾವಾಗ ಹೋಗಿ ನೋಡಬೇಕೆಂದೂ ಗೊತ್ತುಮಾಡಬಹುದು.

ಇದನ್ನು ನಿಯಮವಾಗಿಸಿದ್ದು ಮತ್ತೊಂದು ಅಪಘಾತ. 1969ರ ಡಿಸೆಂಬರ್ 22ರಂದು ನೆವಾಡಾದಲ್ಲಿ ಎಫ್-111 ಯುದ್ಧವಿಮಾನದ ರೆಕ್ಕೆ, ಬರಿಯ ನೂರು ಗಂಟೆಯಷ್ಟು ಹಾರಾಟದಲ್ಲೇ ಕಳಚಿತು. ಇಬ್ಬರು ಚಾಲಕರು ಸತ್ತರು. ಉಕ್ಕಿನ ಭಾಗವನ್ನು ಬಡಿದು ರೂಪಿಸುವಾಗಲೇ ಅದರೊಳಗೆ ಬಿರುಕು ಇತ್ತು, ಕಾರ್ಖಾನೆಯ ತಪಾಸಣೆಗಳನ್ನೆಲ್ಲ ದಾಟಿ ಬಂದಿತ್ತು. ಹೊಸ ವಿಮಾನ ದೋಷರಹಿತ ಎಂಬ ಊಹೆಯೇ ಅಲ್ಲಿ ಬಿದ್ದುಹೋಯಿತು. 1974ರಲ್ಲಿ ಅಮೆರಿಕದ ವಾಯುಪಡೆ, 1978ರಲ್ಲಿ ನಾಗರಿಕ ವಿಮಾನಯಾನದ ನಿಯಮಗಳು, ಹಾನಿ ತಾಳಿಕೆಯ ವಿನ್ಯಾಸವನ್ನು, ಅಂದರೆ ಬಿರುಕು ಮೊದಲೇ ಇದೆ ಎಂದಿಟ್ಟುಕೊಂಡು ಅದು ಅಪಾಯದ ಉದ್ದಕ್ಕೆ ಬೆಳೆಯುವ ಮೊದಲೇ ತಪಾಸಣೆಯಲ್ಲಿ ಹಿಡಿಯುವುದನ್ನು, ಕಡ್ಡಾಯ ಮಾಡಿದವು.

ಇದೂ ಸಾಲದು ಎಂದು ಮುಂದೆ ಗೊತ್ತಾಯಿತು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ 24,000 ಅಡಿ ಎತ್ತರದಲ್ಲಿ ಅಲೋಹಾ ಏರ್‌ಲೈನ್ಸ್‌ನ 737ರ ಚಾವಣಿ ಸುಮಾರು 18 ಅಡಿ ಉದ್ದಕ್ಕೆ ಹಾರಿಹೋಯಿತು. ವಿಮಾನ ಮಾವಿ ದ್ವೀಪದಲ್ಲಿ ಇಳಿಯಿತು. ಗಗನಸಖಿಯೊಬ್ಬರು ಹೊರಗೆ ಸೆಳೆದುಹೋದರು, ಉಳಿದವರೆಲ್ಲ ಬದುಕಿದರು. ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆಯೂ ಇಲ್ಲದ ಹಾರಾಟಗಳಲ್ಲಿ ಆ ವಿಮಾನ 89 ಸಾವಿರಕ್ಕೂ ಹೆಚ್ಚು ಸುತ್ತು ಉಬ್ಬಿ ಕುಗ್ಗಿತ್ತು. ಉಪ್ಪುಗಾಳಿಯಲ್ಲಿ ಹಾಳೆಗಳ ನಡುವಿನ ಅಂಟು ಬಿಟ್ಟು, ಹೊರೆಯೆಲ್ಲ ರಿವೆಟ್ಟುಗಳ ಮೇಲೆ ಬಿದ್ದಿತ್ತು. ಬಿರುಕು ಬಂದರೂ ಹತ್ತು ಅಂಗುಲಕ್ಕೊಂದರಂತೆ ಇದ್ದ ಪಟ್ಟಿಗಳು ಅದನ್ನು ತಡೆದು, ಹಾಳೆ ಅಷ್ಟೇ ಜಾಗದಲ್ಲಿ ಮಡಚಿ ತೆರೆದುಕೊಳ್ಳಬೇಕು ಎಂಬುದು ವಿನ್ಯಾಸ. ಆದರೆ ಅಲ್ಲಿ ಇದ್ದದ್ದು ಒಂದು ದೊಡ್ಡ ಬಿರುಕಲ್ಲ, ಸಾಲು ರಿವೆಟ್ ರಂಧ್ರಗಳಲ್ಲಿ ಕಣ್ಣಿಗೆ ಬೀಳದ ಹತ್ತಾರು ಬಿರುಕುಗಳು. ಅವು ಒಂದಕ್ಕೊಂದು ಕೂಡಿಕೊಂಡಾಗ ತಡೆಯುವ ಪಟ್ಟಿಗಳಿಗೆ ಕೆಲಸವೇ ಉಳಿಯಲಿಲ್ಲ. ಒಂಟಿ ಬಿರುಕಿನ ಲೆಕ್ಕ ಇಲ್ಲಿ ಸೋತಿತು. ಹಳೆಯ ವಿಮಾನಗಳ ಕುರಿತ ಬೃಹತ್ ಸಂಶೋಧನಾ ಕಾರ್ಯಕ್ರಮ ಆರಂಭವಾಗಿ, ಕೊನೆಗೆ 2010ರ ಅಮೆರಿಕದ ನಿಯಮವೊಂದು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇಷ್ಟೇ ಹಾರಾಟ ಎಂಬ ಮಿತಿಯನ್ನು ಗೊತ್ತುಮಾಡಬೇಕೆಂದಿತು. ಆ ಮಿತಿಯಾಚೆ ಪರೀಕ್ಷೆಯ ಆಧಾರ ಇಲ್ಲ ಎಂದು ಅರ್ಥ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ. 1959ರಲ್ಲಿ ಸ್ಥಾಪನೆಯಾಗಿ, ಮೈಸೂರು ಮಹಾರಾಜರ ಅರಮನೆಗೆ ಸೇರಿದ ಜಯಮಹಲ್ ರಸ್ತೆಯ ಕುದುರೆಲಾಯದಲ್ಲಿ ಕೆಲಸ ಶುರು ಮಾಡಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಎನ್‌ಎಎಲ್, 1965ರಿಂದ 1984ರವರೆಗೆ ಎಸ್. ಆರ್. ವಲ್ಲೂರಿ ಅವರ ನೇತೃತ್ವದಲ್ಲಿತ್ತು. ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಲೋಹದ ದಣಿವನ್ನೇ ಅಧ್ಯಯನ ಮಾಡಿ ಬಂದವರು. ನಿರ್ದೇಶಕರ ಸ್ವಂತ ಕ್ಷೇತ್ರ ದಣಿವಾಗಿದ್ದುದು ಸಂಸ್ಥೆಯ ದಿಕ್ಕನ್ನು ಗೊತ್ತುಮಾಡಿತು ಎಂದು ನಾನು ಭಾವಿಸುತ್ತೇನೆ. ಇಡೀ ವಿಮಾನದ ಚೌಕಟ್ಟನ್ನು ದಣಿವಿನ ಪರೀಕ್ಷೆಗೆ ಒಡ್ಡುವ ಸೌಲಭ್ಯ ಇಲ್ಲಿ ಬೆಳೆಯಿತು, ಮುರಿದ ಭಾಗಗಳನ್ನು ನೋಡಿ ಕಾರಣ ಓದುವ ಪರಿಣತಿಯೂ ಬಂತು. ಬಿರುಕಿನ ಹಿಂದಿನ ಹಿಗ್ಗಿದ ಲೋಹ ಅದರ ಬಾಯಿಯನ್ನು ಹೊರೆ ಪೂರ್ತಿ ಇಳಿಯುವ ಮೊದಲೇ ಮುಚ್ಚಿಬಿಡುತ್ತದೆ ಎಂದು ವುಲ್ಫ್ ಎಲ್ಬರ್ 1970ರಲ್ಲಿ ತೋರಿಸಿದ್ದರು. ಒಂದು ದೊಡ್ಡ ಹೊರೆಯ ನಂತರ ಬಿರುಕು ನಿಧಾನವಾಗುವುದಕ್ಕೆ, ಕಾಮೆಟ್‌ನ ಮೋಸದ ಪರೀಕ್ಷೆಗೆ ಹತ್ತಿರದ ಆ ಗುಣಕ್ಕೆ, ವಿವರಣೆ ಅದರಲ್ಲಿತ್ತು. ಎನ್‌ಎಎಲ್‌ನ ಸಂಶೋಧಕರು 1980ರ ದಶಕದಲ್ಲಿ ಮುರಿದ ಮೈಯ ಮೇಲೆ ಪ್ರತಿ ಸುತ್ತು ಬಿಟ್ಟುಹೋದ ಸೂಕ್ಷ್ಮ ಗೆರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದು ಈ ಮುಚ್ಚುವಿಕೆಯನ್ನು ನೇರವಾಗಿ ಪತ್ತೆಮಾಡಿದರು.

ಇಂದಿನ ಸಂಶೋಧನೆಯ ಮುಂದಿರುವ ವಸ್ತುಗಳೇ ಬೇರೆ. ಬೋಯಿಂಗ್ 787ರ ತೂಕದ ಸುಮಾರು ಅರ್ಧ, ಭಾರತದ ತೇಜಸ್ ಯುದ್ಧವಿಮಾನದಲ್ಲಿ ಸುಮಾರು 45 ಪ್ರತಿಶತ, ಕಾಂಪೊಸಿಟ್ ವಸ್ತುಗಳು, ಬಹುಮಟ್ಟಿಗೆ ಕಾರ್ಬನ್ ನಾರಿನವು. ಅವು ಲೋಹದಂತೆ ದಣಿಯುವುದಿಲ್ಲ. ಆದರೆ ನೆಲದ ಮೇಲೆ ಯಾರದೋ ಕೈಯಿಂದ ಸ್ಪ್ಯಾನರ್ ಬಿದ್ದರೆ ಹೊರಗೆ ಗುರುತೂ ಕಾಣದೆ ಒಳಗಿನ ಪದರಗಳು ಬಿಟ್ಟುಕೊಳ್ಳಬಹುದು. ಹಾಗಾಗಿ ಇಲ್ಲಿನ ನಿಯಮ, ಕಣ್ಣಿಗೆ ಕಾಣದ ಹಾನಿ ಇದೆ ಎಂದೇ ಇಟ್ಟುಕೊಂಡು, ಅದು ವಿಮಾನದ ಇಡೀ ಆಯಸ್ಸಿನಲ್ಲಿ ಬೆಳೆಯುವುದಿಲ್ಲ ಎಂದು ತೋರಿಸುವುದು. ತಪಾಸಣೆಯ ಭಾರ ಇಳಿಸಲು ನಾರಿನ ಪದರಗಳ ನಡುವೆಯೇ ಆಪ್ಟಿಕಲ್ ಫೈಬರ್ ಸಂವೇದಕಗಳನ್ನು ಹುದುಗಿಸುವ ಪ್ರಯತ್ನ ಜಗತ್ತಿನ ಹಲವೆಡೆ ನಡೆದಿದೆ. ಎನ್‌ಎಎಲ್ ನಿಶಾಂತ್ ಡ್ರೋನಿನ ಬಾಲದ ತೋಳುಗಳಲ್ಲಿ ಅದನ್ನು ಹಾರಿಸಿ ನೋಡಿದೆ. ಇನ್ನೊಂದು ಕಡೆ, ಟೈಟಾನಿಯಂ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಪದರ ಪದರವಾಗಿ ಮುದ್ರಿಸಿದ ಭಾಗಗಳು ಬಂದಿವೆ. ಅವುಗಳೊಳಗೆ ಉಳಿಯುವ ಸಣ್ಣ ಗಾಳಿಗುಳ್ಳೆಗಳಿಂದಲೇ ದಣಿವಿನ ಬಿರುಕು ಶುರುವಾಗುತ್ತದೆ. ಬಿಸಿಯಲ್ಲಿ ಎಲ್ಲ ಕಡೆಯಿಂದ ಒತ್ತಿದರೆ ಒಳಗಿನ ಗುಳ್ಳೆಗಳು ಮುಚ್ಚಿಕೊಳ್ಳುತ್ತವೆ, ಆದರೆ ಮೇಲ್ಮೈಗೆ ತೆರೆದುಕೊಂಡಿರುವವು ಹಾಗೇ ಉಳಿಯುತ್ತವೆ, ಅಪಾಯ ಹೆಚ್ಚು ಇರುವುದೂ ಅವುಗಳಿಂದಲೇ. ಎಕ್ಸ್-ರೇ ಸ್ಕ್ಯಾನ್‌ಗೆ ಸಿಗುವ ಅತಿ ಚಿಕ್ಕ ಗುಳ್ಳೆ ಯಾವುದು, ಬಿರುಕಿಗೆ ಸಾಕಾಗುವ ಅತಿ ಚಿಕ್ಕ ಗುಳ್ಳೆ ಯಾವುದು, ಈ ಎರಡು ಅಳತೆಗಳ ನಡುವಿನ ಅಂತರವನ್ನು ಕಿರಿದು ಮಾಡುವ ಕೆಲಸದಲ್ಲಿ ಪ್ರಯೋಗಾಲಯಗಳು ಈಗ ತೊಡಗಿವೆ.