ಮೊಟ್ಟೆಗಾಗಿ ಮೊದಲ ಬಾರಿ ಕೋಳಿ ಸಾಕುವವರಿಗೆ: ತಳಿಯ ಆಯ್ಕೆ ಮತ್ತು ಮರಿಗಳ ಬೇಡಿಕೆ

ಕಾಪು ತಾಲ್ಲೂಕಿನ ಇನ್ನಂಜೆ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹಿತ್ತಲ ಕೋಳಿ ಸಾಕಣೆ ಕೈಗೊಳ್ಳಲಿಚ್ಛಿಸುವವರು ಮರಿಗಳಿಗೆ ಬೇಡಿಕೆ ಸಲ್ಲಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು. ಒಂದು ದಿನದ ಮರಿಯು ಮೊಟ್ಟೆಯಿಡಲು ಸುಮಾರು 5 ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ವೆಚ್ಚವಿರುವುದೇ ಹೊರತು ಮೊಟ್ಟೆಯಿಂದ ಆದಾಯವಿರುವುದಿಲ್ಲ. ಆದುದರಿಂದ ತಳಿ, ಕಾಲ ಮತ್ತು ಸಂಖ್ಯೆ ಈ ಮೂರನ್ನೂ ಮೊದಲೇ ನಿರ್ಧರಿಸುವುದು ಅಗತ್ಯ.

1. ತಳಿಗಳು

ಅ) ನಾಟಿ ಕೋಳಿ: ವರ್ಷಕ್ಕೆ ಸುಮಾರು 50-60 ಮೊಟ್ಟೆ. ತಾನೇ ಕಾವು ಕುಳಿತು ಮರಿ ಸಾಕುತ್ತದೆ.

ಆ) ಗಿರಿರಾಜ: ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ತಳಿ. ಮಾಂಸ ಮತ್ತು ಮೊಟ್ಟೆ ಎರಡಕ್ಕೂ ಸೂಕ್ತ. ವರ್ಷಕ್ಕೆ ಸುಮಾರು 140-150 ಮೊಟ್ಟೆ.

ಇ) ಸ್ವರ್ಣಧಾರ: 2005ರಲ್ಲಿ ಬಿಡುಗಡೆಯಾದ ತಳಿ. ವರ್ಷಕ್ಕೆ ಸುಮಾರು 180-190 ಮೊಟ್ಟೆ.

ಈ) ಗ್ರಾಮಪ್ರಿಯ: ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ಕೊಡುಗೆ. ಉತ್ತಮ ಪೋಷಣೆಯಲ್ಲಿ ಸುಮಾರು 200 ಕಂದು ಮೊಟ್ಟೆ.

ಉ) ವೈಟ್ ಲೆಗ್‌ಹಾರ್ನ್ ಮೂಲದ ವಾಣಿಜ್ಯ ತಳಿಗಳು: 300ರ ಆಸುಪಾಸು ಮೊಟ್ಟೆ. ಆದರೆ ಪೂರ್ಣ ಸಮತೋಲನ ಆಹಾರ ಬೇಕು. ಬಿಳಿ ಬಣ್ಣದಿಂದಾಗಿ ಹಿತ್ತಲಿನಲ್ಲಿ ಗಿಡುಗನ ಕಣ್ಣಿಗೆ ಸುಲಭವಾಗಿ ಬೀಳುತ್ತವೆ.

ಮೊಟ್ಟೆಯೇ ಮುಖ್ಯ ಉದ್ದೇಶವಾಗಿದ್ದು ಹಿತ್ತಲಿನಲ್ಲಿ ಮೇಯಿಸುವವರಿಗೆ ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಹೆಚ್ಚು ಅನುಕೂಲಕರ. ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಕಡಿಮೆ. ಅವುಗಳ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿಸಿದಲ್ಲಿ ಮುಂದಿನ ಪೀಳಿಗೆಯಲ್ಲಿ ಅದೇ ಇಳುವರಿ ದೊರೆಯುವುದಿಲ್ಲ.

2. ಎಷ್ಟು ಮರಿಗಳು?

ಹಿತ್ತಲ ತಳಿಗಳ ಮರಿಗಳನ್ನು ಸಾಮಾನ್ಯವಾಗಿ ಹೆಣ್ಣು-ಗಂಡು ಬೇರ್ಪಡಿಸದೆ ವಿತರಿಸಲಾಗುತ್ತದೆ. ಅವುಗಳಲ್ಲಿ ಸರಿಸುಮಾರು ಅರ್ಧದಷ್ಟು ಹುಂಜಗಳಿರುತ್ತವೆ. 10 ಹೇಟೆಗಳು ಬೇಕಿದ್ದಲ್ಲಿ, ಸಾವು-ನೋವನ್ನೂ ಗಣನೆಗೆ ತೆಗೆದುಕೊಂಡು, 25 ಮರಿಗಳಿಗೆ ಬೇಡಿಕೆ ಸಲ್ಲಿಸುವುದು ಸೂಕ್ತ. ತಿನ್ನುವ ಮೊಟ್ಟೆಗೆ ಹುಂಜದ ಅಗತ್ಯವಿಲ್ಲ. ಆದುದರಿಂದ ಹೆಚ್ಚುವರಿ ಹುಂಜಗಳನ್ನು 3 ತಿಂಗಳಲ್ಲಿ ಮಾರಾಟ ಮಾಡಿದರೆ ಆಹಾರದ ವೆಚ್ಚ ಉಳಿಯುತ್ತದೆ. ಮೊಟ್ಟೆಯಿಡುವ 10 ಕೋಳಿಗಳಿಗೆ ದಿನಕ್ಕೆ ಸುಮಾರು 1.1-1.2 ಕಿ.ಗ್ರಾಂ. ಆಹಾರ ಬೇಕು. ಮೇಯಲು ಬಿಟ್ಟಲ್ಲಿ ಈ ಪ್ರಮಾಣ ಕಡಿಮೆಯಾಗುತ್ತದೆ.

3. ಯಾವ ಕಾಲ?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಎಳೆಮರಿ ತರಿಸುವುದು ಸೂಕ್ತವಲ್ಲ. ಒದ್ದೆಯಾದ ಹಾಸಿನಿಂದ ರಕ್ತಭೇದಿ ಹರಡುತ್ತದೆ ಹಾಗೂ ವಿದ್ಯುತ್ ಕಡಿತವಾದಾಗ ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಅಕ್ಟೋಬರ್‌ನಲ್ಲಿ ತರಿಸಿದ ಮರಿಗಳು ಮಾರ್ಚ್ ವೇಳೆಗೆ ಮೊಟ್ಟೆಗೆ ಬರುತ್ತವೆ ಹಾಗೂ ಮುಂದಿನ ಮಳೆಗಾಲಕ್ಕೆ ಬಲಿತಿರುತ್ತವೆ.

4. ಮರಿಗಳನ್ನು ಪಡೆಯುವಾಗ

• ಮರಿ ಕೇಂದ್ರದಲ್ಲಿ ಮೊದಲ ದಿನವೇ ಮ್ಯಾರೆಕ್ಸ್ ಲಸಿಕೆ ನೀಡಲಾಗಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು.
• ಹೊಕ್ಕುಳು ಒಣಗಿರುವ, ಕಣ್ಣು ಚುರುಕಾಗಿರುವ, ಕಾಲು ನೇರವಾಗಿರುವ ಮರಿಗಳನ್ನೇ ಸ್ವೀಕರಿಸುವುದು.
• ಬೆಂಗಳೂರಿನಂತಹ ದೂರದ ಊರಿನಿಂದ ತರುವುದಾದಲ್ಲಿ ರಾತ್ರಿ ಪ್ರಯಾಣ ಲೇಸು. ಮನೆ ತಲುಪಿದೊಡನೆ ಮೊದಲು ನೀರು, ಬಳಿಕ ಆಹಾರ ನೀಡುವುದು.
• ಕಾವು ಗೂಡನ್ನು ಹಿಂದಿನ ದಿನವೇ ಸಿದ್ಧಪಡಿಸುವುದು. ಮೊದಲ ವಾರ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸುವುದು. ಎಲ್‌ಇಡಿ ದೀಪ ಬೆಳಕು ನೀಡುತ್ತದೆಯೇ ಹೊರತು ಸಾಕಷ್ಟು ಕಾವು ನೀಡುವುದಿಲ್ಲ. 25 ಮರಿಗಳಿಗೆ 60 ವ್ಯಾಟ್‌ನ ಹಳೆಯ ಮಾದರಿಯ ಬಲ್ಬು ಬೇಕು.
• ಮರಿಗಳು ದೀಪದಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯ್ತೆರೆದರೆ ಸೆಕೆ ಎಂದು ತಿಳಿಯುವುದು.

5. ಲಸಿಕೆ

ರಾಣಿಖೇತ್ (ಕೊಕ್ಕರೆ ರೋಗ) ಇಡೀ ಹಿಂಡನ್ನು ನಾಶಪಡಿಸಬಲ್ಲದು. 5-7ನೇ ದಿನ ಲಸೋಟ, 14ನೇ ದಿನ ಗುಂಬೋರೊ, 28ನೇ ದಿನ ಮತ್ತೆ ಲಸೋಟ, 8ನೇ ವಾರ ಆರ್‌2ಬಿ ಲಸಿಕೆ ಹಾಕಿಸುವುದು. ಒಂದು ಸೀಸೆಯಲ್ಲಿ ಹಲವು ಕೋಳಿಗಳಿಗಾಗುವಷ್ಟು ಲಸಿಕೆಯಿದ್ದು, ಕಲಸಿದ ಬಳಿಕ ಉಳಿಸಿಡಲಾಗದು. ಆದುದರಿಂದ ನೆರೆಹೊರೆಯವರು ಒಂದೇ ದಿನ ಒಟ್ಟಾಗಿ ಹಾಕಿಸುವುದು ಮಿತವ್ಯಯಕರ.

6. ಸ್ಥಳೀಯ ಎಚ್ಚರಿಕೆ

ಇನ್ನಂಜೆ-ಶಂಕರಪುರ ಭಾಗದಲ್ಲಿ ಮಲ್ಲಿಗೆ ತೋಟಗಳಿರುವುದರಿಂದ, ಕೀಟನಾಶಕ ಸಿಂಪಡಿಸಿದ ತೋಟಕ್ಕೆ ಕೋಳಿಗಳನ್ನು ಬಿಡಬಾರದು. ಕೋಳಿಗಳು ಗಿಡದ ಬುಡ ಕೆದರುವ ಕಾರಣ ತೋಟಕ್ಕೆ ಬಲೆಯ ಬೇಲಿ ಅಗತ್ಯ. ಮುಂಗುಸಿ, ಕಾಡುಬೆಕ್ಕುಗಳಿಂದ ರಕ್ಷಿಸಲು ರಾತ್ರಿ ಗೂಡಿನ ಬಾಗಿಲು ಭದ್ರಪಡಿಸತಕ್ಕದ್ದು. ಮೊಟ್ಟೆಯಿಡುವ ಕೋಳಿಗಳಿಗೆ ಪುಡಿಮಾಡಿದ ಚಿಪ್ಪನ್ನು ಪ್ರತ್ಯೇಕ ಪಾತ್ರೆಯಲ್ಲಿ ಇಟ್ಟಲ್ಲಿ ಮೊಟ್ಟೆಯ ಕವಚ ಗಟ್ಟಿಯಾಗುತ್ತದೆ.

ಕೋಳಿಗಳು ಏಕಾಏಕಿ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಲ್ಲಿ ಅವುಗಳನ್ನು ಬರಿಗೈಯಿಂದ ಮುಟ್ಟದೆ, ಮಾರಾಟ ಮಾಡದೆ, ಕೂಡಲೇ ಸಮೀಪದ ಪಶು ಚಿಕಿತ್ಸಾಲಯಕ್ಕೆ ತಿಳಿಸತಕ್ಕದ್ದು. ಮರಿಗಳ ಲಭ್ಯತೆ ಮತ್ತು ದರದ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದಾಗಿದೆ.