ರಫ್ತು ಹಕ್ಕು: ಶಿಕ್ಷೆ ಮೊದಲೋ, ಅಮಾನತು ಮೊದಲೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡಲೆಕಾಯಿ, ಹುಣಸೆಹಣ್ಣಿನ ವ್ಯಾಪಾರದಲ್ಲಿ ರಫ್ತಿನ ಮಾತು ಬಂದರೆ ಮೊದಲು ದರ, ಆಮೇಲೆ ಬಂದರು. ರಫ್ತು ಮಾಡುವ ಹಕ್ಕೇ ಕೈತಪ್ಪಬಹುದೆಂಬ ಮಾತು ಅಪರೂಪ. ಆ ಹಕ್ಕು ಹೋಗುವ ಬಗೆ ಮುಕ್ಕಾಲು ಶತಮಾನದಲ್ಲಿ ಸಾಕಷ್ಟು ಬದಲಾಗಿದೆ.

1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆ ಯುದ್ಧಕಾಲದ ಕಟ್ಟಳೆಗಳ ಮುಂದುವರಿಕೆ. ಆಗಿನದು ಲೈಸೆನ್ಸಿನ ಕಾಲ. 1992ರ ವಿದೇಶಿ ವ್ಯಾಪಾರ ಕಾಯ್ದೆ ಬಂದಮೇಲೆ ಎಲ್ಲವೂ ಆಮದು-ರಫ್ತುದಾರರ ಹತ್ತು ಅಂಕಿಯ ಗುರುತಾದ ಐಇಸಿ ಸಂಖ್ಯೆಗೆ ಜೋತುಬಿತ್ತು. ಕಾಯ್ದೆಯ 8ನೇ ಕಲಮಿನಡಿ ಈ ಸಂಖ್ಯೆಯನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ವ್ಯಾಪಾರ ನೀತಿಯನ್ನಷ್ಟೇ ಅಲ್ಲ, ಕಸ್ಟಮ್ಸ್ ಅಥವಾ ವಿದೇಶಿ ವಿನಿಮಯದ ಕಾನೂನನ್ನು ಮುರಿದರೂ ಸಾಕು. ನೋಟಿಸು ಕೊಡಬೇಕು, ಅಹವಾಲು ಕೇಳಬೇಕು. ಆದೇಶದ ಮೇಲೆ 45 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಆದರೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಿರಬೇಕೆಂಬ ಷರತ್ತಿಲ್ಲ. 2005ರ ಸಮೂಹನಾಶಕ ಅಸ್ತ್ರಗಳ ಕಾಯ್ದೆ, ವಿದೇಶಿ ವ್ಯಾಪಾರ ಕಾಯ್ದೆಗೆ 2010ರ ತಿದ್ದುಪಡಿಯ ಒಂದು ಭಾಗ ಎರಡೂ ಸೂಕ್ಷ್ಮ ತಂತ್ರಜ್ಞಾನಕ್ಕೆ ಸಂಬಂಧಿಸಿದವು. ಕಡಲೆಕಾಯಿಯವರಿಗೆ ದೂರದ ಮಾತು.

ಅಮೆರಿಕದ ಪದ್ಧತಿ ಬೇರೆ. ತನಿಖೆಯ ನಡುವೆ ತಾತ್ಕಾಲಿಕ ನಿರಾಕರಣೆ ಅಲ್ಲೂ ಉಂಟು. ಆದರೆ ರಫ್ತು ನಿಯಂತ್ರಣದ ಕಾನೂನು ಮುರಿದು ಶಿಕ್ಷೆಯಾದವರಿಗೆ ಗರಿಷ್ಠ 10 ವರ್ಷ ರಫ್ತಿನ ಹಕ್ಕನ್ನೇ ನಿರಾಕರಿಸುವ ಕಲಮು ಹಿಂದಿನ ಕಾಯ್ದೆಯಲ್ಲಿತ್ತು, 2018ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಬೆಂಗಳೂರಿಗೂ ತಾಗಿದ ಪ್ರಕರಣವೊಂದಿದೆ. ಸಿರಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಗೆ ಅಮೆರಿಕದ ಸಿಂಪ್ಸನ್‌ವಿಲ್, ಸಿಂಗಪುರ, ಬೆಂಗಳೂರಿನಲ್ಲಿ ಕಚೇರಿಗಳಿದ್ದವು. ಪರವಾನಗಿಯಿಲ್ಲದೆ ಮೆಮೊರಿ ಚಿಪ್ಪು ಮುಂತಾದ ಬಿಡಿಭಾಗಗಳನ್ನು ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ, ಭಾರತ್ ಡೈನಮಿಕ್ಸ್‌ಗೆ ಕಳಿಸಿದ್ದಕ್ಕೆ ಕಂಪನಿಯ ಮುಖ್ಯಸ್ಥ ತಪ್ಪೊಪ್ಪಿಕೊಂಡರು. 2008ರ ಜೂನ್‌ನಲ್ಲಿ 35 ತಿಂಗಳ ಸೆರೆವಾಸ ವಿಧಿಸಲಾಯಿತು. ಸರಕು ತಲುಪಿದ್ದು ನಮ್ಮದೇ ಸರ್ಕಾರಿ ಸಂಸ್ಥೆಗಳಿಗೆ. ಅಲ್ಲಿನ ಕಾನೂನಿಗೆ ಅದು ಅಪರಾಧವೇ.

ಶಿಕ್ಷೆ ಮೊದಲು, ನಿರಾಕರಣೆ ಆಮೇಲೆ ಎಂಬ ಈ ಕ್ರಮಕ್ಕೆ ತದ್ವಿರುದ್ಧವಾದದ್ದು ಕರ್ನಾಟಕದಲ್ಲಿ ಕಂಡಿತು. 2010ರ ಮಾರ್ಚ್‌ನಲ್ಲಿ ಬೇಲೆಕೇರಿ ಬಂದರಿನಲ್ಲಿ ಸುಮಾರು 5 ಲಕ್ಷ ಟನ್ ಅಕ್ರಮ ಕಬ್ಬಿಣದ ಅದಿರು ಜಪ್ತಿಯಾಯಿತು, ಜಪ್ತಿಯಾದ ಮಾಲೇ ಅಲ್ಲಿಂದ ಮಾಯವಾಯಿತು. ಅದೇ ಜುಲೈನಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತನ್ನೇ ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೂ, ನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಗೂ ತಡೆ ಹಾಕಿತು. ನಮ್ಮ ತುಮಕೂರು ಜಿಲ್ಲೆಯಲ್ಲಿ ಅದಿರು ಸಿಗುವುದು ಚಿಕ್ಕನಾಯಕನಹಳ್ಳಿಯ ಕಡೆ. ಪೆಟ್ಟು ಬಿದ್ದದ್ದು ಇಡೀ ಜಿಲ್ಲೆಯ ಲಾರಿಯವರಿಗೆ. ರಫ್ತಿನ ತಡೆ ತೆರವಾದದ್ದು 2022ರ ಮೇನಲ್ಲಿ. ಬೇಲೆಕೇರಿ ಪ್ರಕರಣದಲ್ಲಿ ಶಾಸಕರೊಬ್ಬರು ಸೇರಿ ಹಲವರಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ತಪ್ಪಿತಸ್ಥರ ತೀರ್ಪಿಗೆ ಹದಿನಾಲ್ಕು ವರ್ಷ ಮೊದಲೇ ಅಮಾಯಕರ ಹಕ್ಕು ಹೋಗಿತ್ತು. ನನ್ನ ಮಟ್ಟಿಗೆ ಇದು ನಿಯಂತ್ರಣವಲ್ಲ, ನಿಯಂತ್ರಣ ತಪ್ಪಿದ್ದರ ದಂಡ.

ಅದಿರಿಗೆ ಅಡ್ಡಿಯಾದದ್ದು ಸರ್ಕಾರ, ಕೋರ್ಟಿನ ತಡೆಯಾದರೆ ನಮ್ಮ ನಾಲ್ಕು ತಾಲ್ಲೂಕಿನ ಕಡಲೆಕಾಯಿಗೆ ಅಡ್ಡಿಯಾಗುವುದು ಅಫ್ಲಟಾಕ್ಸಿನ್. ಒಣಗುವ ಮೊದಲೇ ಮೂಟೆ ಕಟ್ಟಿದರೆ ಬೂಷ್ಟು ಹಿಡಿದು ಈ ವಿಷ ಸೇರುತ್ತದೆ. ನೇರವಾಗಿ ತಿನ್ನುವ ಬೀಜದಲ್ಲಿ ಕಿಲೋಗೆ ಒಟ್ಟು 4 ಮೈಕ್ರೊಗ್ರಾಂ ಮೀರಬಾರದೆಂಬುದು ಯುರೋಪಿನ ನಿಯಮ. ಇಲ್ಲಿ ಸರಕು ತಿರಸ್ಕೃತವಾಗಲು ಪೊಲೀಸ್ ಕೇಸೇನೂ ಬೇಕಿಲ್ಲ, ಪ್ರಯೋಗಾಲಯದ ಒಂದು ವರದಿ ಸಾಕು.

ಇದಕ್ಕಿಂತ ಸಣ್ಣ ಕಾರಣಕ್ಕೂ ವ್ಯಾಪಾರ ನಿಲ್ಲುತ್ತದೆ. 2021ರಿಂದ ಐಇಸಿ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ಏನೂ ಬದಲಾಗದಿದ್ದರೂ ಸರಿಯೇ. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ರಫ್ತಿನ ಯೋಚನೆಯಿರುವವರು ಹೊಸ ಬೆಳೆ ಬರುವವರೆಗೆ ಕಾಯದೆ ಜೂನ್ ಮುಗಿಯುವುದರೊಳಗೆ ಈ ಕೆಲಸ ಮುಗಿಸಿಕೊಳ್ಳಿ.