ನೀರಿಗೂ ಬಜೆಟ್: ಹಿವರೆ ಬಾಜಾರ್ ಮಾದರಿ

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಾಜಾರ್ ಮಳೆನೆರಳಿನ ಪುಟ್ಟ ಗ್ರಾಮ. ವಾರ್ಷಿಕ ಮಳೆ 400 ಮಿ.ಮೀ. ಆಸುಪಾಸು. 1972ರ ಬರದ ನಂತರ ಇಲ್ಲಿಂದ ಗುಳೆ ಹೋಗುವುದು ವಾಡಿಕೆಯಾಗಿತ್ತು. 1989ರಲ್ಲಿ ಪೋಪಟರಾವ್ ಪವಾರ್ ಸರಪಂಚರಾದ ಬಳಿಕ ಗ್ರಾಮಸಭೆಗೆ ಜೀವ ಬಂತು. 1990ರ ದಶಕದಲ್ಲಿ ರಾಜ್ಯ ಸರ್ಕಾರದ ಆದರ್ಶ ಗ್ರಾಮ ಯೋಜನೆ ಹಾಗೂ ಗ್ರಾಮಸ್ಥರ ಶ್ರಮದಾನದಿಂದ ಗುಡ್ಡಗಳಲ್ಲಿ ಇಂಗುಕಂದಕಗಳು, ಹಳ್ಳಗಳಿಗೆ ಒಡ್ಡುಗಳು ನಿರ್ಮಾಣವಾದವು. ಮರ ಕಡಿಯುವುದು, ಗುಡ್ಡದಲ್ಲಿ ದನ ಮೇಯಿಸುವುದು ನಿಷಿದ್ಧವಾಯಿತು. ಹುಲ್ಲನ್ನು ಕೊಯ್ದು ಒಯ್ಯಲು ಅವಕಾಶವಿತ್ತು.

ಒಡ್ಡು, ಕಂದಕಗಳು ಅನೇಕ ಊರುಗಳಲ್ಲಿವೆ. ಹಿವರೆ ಬಾಜಾರ್ ಭಿನ್ನವಾದದ್ದು ಬಳಕೆಗೆ ಹಾಕಿಕೊಂಡ ಕಡಿವಾಣದಿಂದ. ನೀರಾವರಿಗೆ ಕೊಳವೆಬಾವಿ ಕೊರೆಯುವಂತಿಲ್ಲ. ಕಬ್ಬು, ಬಾಳೆ ಬೆಳೆಯುವಂತಿಲ್ಲ. ಮಳೆಗಾಲ ಮುಗಿದೊಡನೆ ಬಿದ್ದ ಮಳೆ ಹಾಗೂ ಬಾವಿಗಳ ನೀರಿನ ಮಟ್ಟ ಅಳೆದು ಗ್ರಾಮಸಭೆಯಲ್ಲಿ ‘ನೀರಿನ ಬಜೆಟ್’ ಮಂಡಿಸಲಾಗುತ್ತದೆ. ಜನ, ಜಾನುವಾರುಗಳ ಕುಡಿಯುವ ನೀರಿಗೆ ಮೊದಲ ಪಾಲು. ಉಳಿದದ್ದರ ಮೇಲೆ ಆ ವರ್ಷದ ಬೆಳೆ ನಿರ್ಧಾರ.

ಸ್ವಂತ ಜಮೀನಿನ ಬೆಳೆಯನ್ನು ಊರ ಸಭೆಯ ತೀರ್ಮಾನಕ್ಕೆ ಒಪ್ಪಿಸುವುದು ಸಣ್ಣ ಮಾತಲ್ಲ. ಯಾರ ಬಾವಿಯಲ್ಲಿ ಎಷ್ಟು ನೀರಿದೆಯೆಂದು ಎಲ್ಲರೂ ಬಲ್ಲ ಚಿಕ್ಕ ಊರಾದ್ದರಿಂದಲೇ ಪ್ರಾಯಶಃ ಇದು ಸಾಧ್ಯವಾಯಿತು. ಗುಳೆ ಹೋಗಿದ್ದ ಹಲವು ಕುಟುಂಬಗಳು ಮರಳಿ ಬಂದವು. ಪವಾರ್ ಅವರಿಗೆ 2020ನೇ ಸಾಲಿನ ಪದ್ಮಶ್ರೀ ಸಂದಿದೆ.